ಅಳು ಮಾತ್ರ ನಿಜವಾಗಿತ್ತು

ಪ್ರಶ್ನೆ: ನಾನು ಮತ್ತು ನನ್ನ ಪತಿ ಎರಡು ವರ್ಷಗಳಿಂದ ಸಣ್ಣ ವಿಡಿಯೊಗಳನ್ನು ಮಾಡಿ ಹಾಕುತ್ತಿದ್ದೇವೆ. ಹೆಚ್ಚಿನವು ಮನೆಯೊಳಗಿನ ತಮಾಷೆಗಳು. ಕಳೆದ ತಿಂಗಳು ಒಂದು ಜಗಳದ ವಿಡಿಯೊ ಮಾಡಿದೆವು. ಕಪಾಟಿನ ಮೇಲೆ ಯಾರಿಗೂ ಕಾಣದಂತೆ ಬಚ್ಚಿಟ್ಟ ಹಾಗೆ ಮೊಬೈಲ್ ಇರಿಸಿ, ಅವರು ನನ್ನನ್ನು ತಳ್ಳಿ, ಸಾಮಾನು ಎಸೆದು, ರಾತ್ರಿ ಹೊತ್ತಿನಲ್ಲಿ ಹೊರಗೆ ಹಾಕಿ ಬಾಗಿಲು ಮುಚ್ಚುವಂತೆ ನಟಿಸಿದೆವು. ‘ಇನ್ನು ಸಹಿಸಲಾರೆ’ ಎಂದು ಶೀರ್ಷಿಕೆ ಕೊಟ್ಟೆವು. ಮಲಗಿದ್ದ ನಮ್ಮ ಏಳು ವರ್ಷದ ಮಗಳು ಸದ್ದಿಗೆ ಎದ್ದು ಬಂದು ಜೋರಾಗಿ ಅತ್ತಳು. ಅದು ಚೆನ್ನಾಗಿ ಬಂದಿದೆ ಎಂದು ಪತಿ ಹಾಗೆಯೇ ಉಳಿಸಿಕೊಂಡರು. ಲಕ್ಷಾಂತರ ಜನ ನೋಡಿದರು. ಪತಿಗೆ ಬೈಗುಳ, ನನಗೆ ಸಾಂತ್ವನ. ಹಣ ಕಳುಹಿಸಲೇ ಎಂದವರೂ ಇದ್ದಾರೆ, ನಾವು ತೆಗೆದುಕೊಂಡಿಲ್ಲ. ಹನ್ನೊಂದು ದಿನಗಳ ಹಿಂದೆ ಒಬ್ಬ ಮಹಿಳೆ ಹೀಗೆ ಬರೆದರು: ‘ನನ್ನ ಮನೆಯಲ್ಲೂ ಇದೇ ಕಥೆ. ನಿಮ್ಮನ್ನು ನೋಡಿ ಧೈರ್ಯ ಬಂತು. ಮಕ್ಕಳನ್ನು ಕರೆದುಕೊಂಡು ಹೊರಟುಬಿಡುತ್ತೇನೆ. ನೀವು ಹೇಗೆ ಹೊರಬಂದಿರಿ?’ ಅವರಿಗೆ ಏನು ಬರೆಯಬೇಕೆಂದು ತೋಚದೆ ಸುಮ್ಮನಿದ್ದೇನೆ. ‘ಸಿನಿಮಾದಲ್ಲಿ ನಟಿಸುವುದಿಲ್ಲವೇ? ಇದೂ ಹಾಗೆಯೇ’ ಎನ್ನುತ್ತಾರೆ ಪತಿ. ಮುಂದಿನದಕ್ಕೆ ಅವರ ತಾಯಿಗೆ ಫೋನ್ ಮಾಡಿ, ಮಗನಿಗೆ ಅಪಘಾತವಾಗಿದೆ ಎಂದು ಹೇಳಿ, ಅವರು ಹೇಗೆ ಪ್ರತಿಕ್ರಿಯಿಸುತ್ತಾರೆಂದು ಚಿತ್ರೀಕರಿಸುವ ಯೋಚನೆಯೂ ಇದೆ. ನಾವು ತಪ್ಪು ಮಾಡಿದ್ದೇವೆಯೇ? ವಿಡಿಯೊ ತೆಗೆದುಹಾಕಿದರೆ ಸಾಕೇ? ಬೇರೆಯವರು ಹಾಕುವ ಇಂಥ ವಿಡಿಯೊಗಳು ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಪತಿಯ ವಾದದಿಂದಲೇ ಆರಂಭಿಸುತ್ತೇನೆ. ಅದರಲ್ಲಿ ಅರ್ಧ ಸತ್ಯವಿದೆ, ತೊಂದರೆ ಇರುವುದೂ ಆ ಅರ್ಧದಲ್ಲೇ. ನಡೆಯದ್ದನ್ನು ನಡೆದಂತೆ ತೋರಿಸುವುದು ಸಿನಿಮಾದಷ್ಟೇ ಹಳೆಯ ಕಸುಬು. 1902ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆಸ್, ಇಂಗ್ಲೆಂಡಿನ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕವನ್ನು ಅದು ನಡೆಯುವ ಮೊದಲೇ ನಟರನ್ನು ಕೂಡಿಸಿ ಚಿತ್ರೀಕರಿಸಿಬಿಟ್ಟಿದ್ದ. ದೊರೆಗೆ ಕಾಯಿಲೆಯಾಗಿ ಸಮಾರಂಭ ಮುಂದಕ್ಕೆ ಹೋಯಿತು, ಚಿತ್ರ ಮಾತ್ರ ಸಿದ್ಧವಾಗಿತ್ತು! ಅದಕ್ಕಾಗಿ ಇಂದು ಯಾರೂ ಮೆಲಿಯೆಸ್‌ನನ್ನು ವಂಚಕ ಎನ್ನುವುದಿಲ್ಲ.

ಆದರೆ ಸಿನಿಮಾ ನೋಡುವವನು ಮೋಸ ಹೋಗಲು ಒಪ್ಪಿಕೊಂಡೇ ಕುಳಿತಿರುತ್ತಾನೆ. ಪೋಸ್ಟರು, ಟಿಕೆಟು, ನಟರ ಹೆಸರು, ಕತ್ತಲೆ ಕೋಣೆ, ಇವೆಲ್ಲ ಆ ಒಪ್ಪಂದದ ಕುರುಹುಗಳು. ನೀವಿಬ್ಬರೂ ಶ್ರಮಪಟ್ಟಿದ್ದು ಆ ಕುರುಹುಗಳನ್ನು ಅಳಿಸುವುದಕ್ಕೆ. ಮೊಬೈಲನ್ನು ಬಚ್ಚಿಟ್ಟಂತೆ ಇಟ್ಟಿರಿ, ಶೀರ್ಷಿಕೆಯನ್ನು ನೊಂದವಳ ಬಾಯಿಂದ ಬಂದಂತೆ ಬರೆದಿರಿ. ನಟನೆ ಎಂದು ಗೊತ್ತಾಗಿದ್ದರೆ ಅಷ್ಟು ಜನ ನೋಡುತ್ತಲೇ ಇರಲಿಲ್ಲ ಎಂಬುದು ನಿಮ್ಮ ಪತಿಗೂ ಗೊತ್ತು. ಗೊತ್ತಾಗದಿರಲಿ ಎಂದು ಇಷ್ಟೆಲ್ಲ ಪಾಡುಪಟ್ಟವರು, ಪ್ರಶ್ನೆ ಬಂದಾಗ ‘ನಟನೆ ತಾನೇ’ ಎಂದು ನುಣುಚಿಕೊಳ್ಳುವುದು ನನಗೆ ಸ್ವಲ್ಪ ಅಗ್ಗವಾಗಿ ಕಾಣುತ್ತದೆ. ಕ್ಷಮಿಸಿ, ಮಾತು ಒರಟಾಯಿತು.

ಆದ್ದರಿಂದ ಇಂಥ ವಿಡಿಯೊ ನನ್ನ ಮುಂದೆ ಬಂದಾಗ ‘ಇದು ನಿಜವೋ ನಟನೆಯೋ’ ಎಂಬ ಪ್ರಶ್ನೆಯನ್ನು ನಾನು ಮೊದಲು ಕೇಳುವುದಿಲ್ಲ. ‘ಯಾರಿಗೆ ಗೊತ್ತಿರಲಿಲ್ಲ?’ ಎಂದು ಕೇಳುತ್ತೇನೆ. ಕ್ಯಾಮೆರಾದ ಮುಂದೆ ಇದ್ದವರಲ್ಲಿ ಯಾರಿಗೆ ಗೊತ್ತಿರಲಿಲ್ಲ, ಅದನ್ನು ನೋಡಿದವರಲ್ಲಿ ಯಾರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ ಕಾರಣಕ್ಕೆ ಅವರು ಏನನ್ನು ಕಳೆದುಕೊಂಡರು? ಪೂರ್ತಿ ನಟನೆಯಾಗಿದ್ದೂ ಯಾರಿಗೂ ನೋವು ತಾರದ ವಿಡಿಯೊಗಳಿವೆ. ಪೂರ್ತಿ ನಿಜವಾಗಿದ್ದೂ ಹಾಕಲೇಬಾರದ ವಿಡಿಯೊಗಳೂ ಇವೆ.

ನಿಮ್ಮ ವಿಡಿಯೊದಲ್ಲಿ ಗೊತ್ತಿರದ ಮೊದಲ ವ್ಯಕ್ತಿ ನಿಮ್ಮ ಮಗಳು.

ಏಳು ವರ್ಷದ ಮಕ್ಕಳಿಗೆ ಆಟಕ್ಕೂ ನಿಜಕ್ಕೂ ಇರುವ ಭೇದ ತಿಳಿಯದು ಎಂದಲ್ಲ, ಚೆನ್ನಾಗಿಯೇ ತಿಳಿಯುತ್ತದೆ. ಮೊದಲೇ ಹೇಳಿದ್ದರೆ ಅವಳೇ ನಿಮ್ಮಿಬ್ಬರಿಗಿಂತ ಚೆನ್ನಾಗಿ ನಟಿಸುತ್ತಿದ್ದಳೇನೋ. ಆದರೆ ನಿದ್ದೆಯಿಂದ ಎದ್ದು ಬಂದವಳು ಕಂಡದ್ದು ಅಪ್ಪ ಅಮ್ಮನನ್ನು ತಳ್ಳುತ್ತಿರುವುದನ್ನು, ಅಮ್ಮ ಹೊರಗೆ ಹೋದಳೆಂಬುದನ್ನು, ಬಾಗಿಲು ಮುಚ್ಚಿದ್ದನ್ನು. ಅವಳ ಮಟ್ಟಿಗೆ ಅದು ನಡೆದೇಹೋಯಿತು. ಎದೆ ಹೊಡೆದುಕೊಂಡದ್ದು, ಉಸಿರು ಸಿಕ್ಕಿಕೊಂಡದ್ದು ನಿಜವಾದ ಜಗಳದಲ್ಲಿ ಆಗುವಷ್ಟೇ ಆಯಿತು. ನಿಮ್ಮ ವಿಡಿಯೊದಲ್ಲಿ ಸುಳ್ಳಲ್ಲದ್ದು ಇದ್ದರೆ ಅದೊಂದೇ. ಅಷ್ಟು ಜನ ನಂಬಿದ್ದೂ ಅದರಿಂದಲೇ ಎಂದು ನನ್ನ ಊಹೆ, ಏಕೆಂದರೆ ಮಗುವಿನ ಆ ಅಳುವನ್ನು ಯಾವ ನಟನೆಯೂ ಕೊಡಲಾರದು. ‘ಚೆನ್ನಾಗಿ ಬಂದಿದೆ’ ಎಂದು ಅದನ್ನು ಉಳಿಸಿಕೊಂಡ ಆ ಕ್ಷಣವನ್ನು ನಿಮ್ಮ ಪತಿ ಒಮ್ಮೆ ನೆನಪಿಸಿಕೊಳ್ಳಲಿ. ಜಗಳ ನಟಿಸಿದ್ದಕ್ಕಿಂತ ದೊಡ್ಡ ತಪ್ಪು ನಡೆದದ್ದು ಅಲ್ಲಿ.

ಆಮೇಲೆ ‘ಅದೆಲ್ಲ ಆಟ ಪುಟ್ಟಿ’ ಎಂದು ಸಮಾಧಾನ ಮಾಡಿರುತ್ತೀರಿ. ಜೊತೆಗೆ ‘ಯಾರಿಗೂ ಹೇಳಬೇಡ’ ಎಂದೂ ಹೇಳಿರಬಹುದು. ಬಹುತೇಕ ಎಲ್ಲರೂ ಹೇಳುತ್ತಾರೆ. ಮಗುವಿನ ತಲೆಯ ಮೇಲೆ ದೊಡ್ಡವರ ಸುಳ್ಳನ್ನು ಹೊರಿಸಿದರೆ ಏನಾಗುತ್ತದೆ ಎಂಬುದಕ್ಕೆ 2009ರ ಅಕ್ಟೋಬರಿನಲ್ಲಿ ಅಮೆರಿಕದ ಕೊಲರಾಡೊದಲ್ಲಿ ನಡೆದದ್ದನ್ನು ನೋಡಿ. ಮನೆಯಲ್ಲೇ ಮಾಡಿದ ಬೆಳ್ಳಿ ಬಣ್ಣದ ಬಲೂನು ಹಾರಿಹೋಯಿತು, ಅದರೊಳಗೆ ನಮ್ಮ ಆರು ವರ್ಷದ ಮಗನಿದ್ದಾನೆ ಎಂದು ದಂಪತಿ ಹೇಳಿದರು. ಆಕಾಶದಲ್ಲಿ ಹೆಲಿಕಾಪ್ಟರ್, ಟಿವಿಯಲ್ಲಿ ನೇರ ಪ್ರಸಾರ. ಬಲೂನು ಇಳಿದಾಗ ಒಳಗೆ ಯಾರೂ ಇರಲಿಲ್ಲ. ಹುಡುಗ ಮನೆಯಲ್ಲೇ ಇದ್ದ. ಅದೇ ರಾತ್ರಿ ಟಿವಿ ಸಂದರ್ಶನದಲ್ಲಿ, ಕರೆದಾಗ ಏಕೆ ಹೊರಗೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಆ ಮಗು, ಇದನ್ನೆಲ್ಲ ಕಾರ್ಯಕ್ರಮಕ್ಕಾಗಿ ಮಾಡುತ್ತಿದ್ದೇವೆ ಎಂದು ನೀವೇ ಹೇಳಿದಿರಲ್ಲ ಎಂಬರ್ಥದ ಮಾತನ್ನು ತಂದೆಯತ್ತ ತಿರುಗಿ ಆಡಿಬಿಟ್ಟ. ತಂದೆತಾಯಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ತಾವು ನಾಟಕವಾಡಲಿಲ್ಲವೆಂದು ಆಮೇಲೂ ಅವರು ಹೇಳುತ್ತಲೇ ಬಂದರು, 2020ರಲ್ಲಿ ರಾಜ್ಯಪಾಲರಿಂದ ಕ್ಷಮಾದಾನವೂ ಸಿಕ್ಕಿತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಹುಡುಗ. ಆರನೆಯ ವಯಸ್ಸಿನಲ್ಲಿ ಆಡಿದ ಒಂದು ವಾಕ್ಯದಿಂದ ಜಗತ್ತು ಇಂದಿಗೂ ಅವನನ್ನು ಗುರುತಿಸುತ್ತದೆ.

ಮಕ್ಕಳನ್ನು ಗೋಳಾಡಿಸಿ ‘ತಮಾಷೆ’ ಎಂದು ಹಾಕುತ್ತಿದ್ದ ಅಮೆರಿಕದ ಇನ್ನೊಂದು ದಂಪತಿಗೆ 2017ರಲ್ಲಿ ಮಕ್ಕಳ ನಿರ್ಲಕ್ಷ್ಯದ ಆರೋಪದಲ್ಲಿ ಐದು ವರ್ಷಗಳ ಪ್ರೊಬೇಷನ್, ಅಂದರೆ ಜೈಲಿನ ಬದಲು ನಿಗಾದಲ್ಲಿರುವ ಶಿಕ್ಷೆಯಾಯಿತು, ಇಬ್ಬರು ಮಕ್ಕಳು ಅವರ ಕೈತಪ್ಪಿಹೋದರು. ಅವರು ಮೊದಲು ಕೊಟ್ಟ ಸಮಜಾಯಿಷಿಯೂ ‘ಅದೆಲ್ಲ ನಟನೆ’ ಎಂಬುದೇ ಆಗಿತ್ತು. ಮಕ್ಕಳಿಗೆ ತೀವ್ರ ಮಾನಸಿಕ ಆಘಾತ ತರುವ ಪ್ರ್ಯಾಂಕ್‌ಗಳನ್ನು ಹಾಕುವಂತಿಲ್ಲ ಎಂದು 2019ರ ಜನವರಿಯಲ್ಲಿ ಯೂಟ್ಯೂಬ್ ಸ್ಪಷ್ಟವಾಗಿ ಹೇಳಿತು. ಫ್ರಾನ್ಸ್ ಇನ್ನೂ ಮುಂದೆ ಹೋಗಿ 2024ರ ಫೆಬ್ರವರಿಯ ಕಾನೂನಿನಲ್ಲಿ, ಮಗುವಿನ ಚಿತ್ರ ಮತ್ತು ಖಾಸಗಿತನವನ್ನು ಕಾಪಾಡುವುದು ಪೋಷಕರ ಕರ್ತವ್ಯಗಳಲ್ಲಿ ಒಂದು ಎಂದು ಬರೆಯಿತು. ಮಗು ನಮ್ಮದು, ಆದರೆ ಅದರ ಮುಖ ನಮ್ಮ ಸ್ವತ್ತಲ್ಲ ಎಂಬ ತಿಳಿವಳಿಕೆ ಕಾನೂನಿಗೂ ನಿಧಾನವಾಗಿ ಬರುತ್ತಿದೆ.

ಇನ್ನು ನೋಡಿದವರು. ಅವರು ಕಳೆದುಕೊಂಡದ್ದೇನು, ಒಂದು ನಿಮಿಷ ತಾನೇ ಎನ್ನಬಹುದು. ಅವರು ಕಳೆದುಕೊಂಡದ್ದು ಮುಂದಿನ ವಿಡಿಯೊವನ್ನು ನಂಬುವ ಶಕ್ತಿಯನ್ನು. ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಹಲವು ವರ್ಷ ಸುದ್ದಿಮನೆಯಲ್ಲಿ, ಹೊರಗಿನವರು ಕಳುಹಿಸುವ ವಿಡಿಯೊಗಳನ್ನು ಪರಿಶೀಲಿಸುವ ಮೇಜಿನಲ್ಲಿ ಕುಳಿತವನು ನಾನು. ಒಮ್ಮೆ ಸೊಸೆಯೊಬ್ಬಳು ಅತ್ತೆಯನ್ನು ಹೊಡೆಯುವ ವಿಡಿಯೊವನ್ನು ಸಂಜೆಯಿಡೀ ಪ್ರಸಾರ ಮಾಡಿದೆವು. ಮರುದಿನ ಆ ‘ಅತ್ತೆ’ ಬೇರೊಂದು ವಿಡಿಯೊದಲ್ಲಿ ನಗುನಗುತ್ತಾ ಜ್ಯೋತಿಷಿಯ ಪಾತ್ರ ಮಾಡುತ್ತಿದ್ದುದು ಸಿಕ್ಕಿತು. ನಾಚಿಕೆಯಿಂದ ತಪ್ಪೊಪ್ಪಿಕೊಂಡೆವು. ಎರಡು ವಾರಗಳ ನಂತರ, ಮಹಡಿಯ ಮೇಲೆ ಮುದುಕರೊಬ್ಬರಿಗೆ ಮಗ ಹೊಡೆಯುತ್ತಿರುವ ತುಣುಕು ಬಂತು. ಚೌಕಟ್ಟು ಸ್ಥಿರವಾಗಿತ್ತು, ಧ್ವನಿ ಸ್ಪಷ್ಟವಾಗಿತ್ತು. ‘ಇದೂ ನಾಟಕ’ ಎಂದು ನಾನೇ ಬದಿಗಿಟ್ಟೆ. ಕಳುಹಿಸಿದವರಿಗೆ ಒಂದು ಫೋನ್ ಕೂಡ ಮಾಡಲಿಲ್ಲ. ಅದು ನಿಜವಾಗಿತ್ತು. ಪಕ್ಕದ ಮನೆಯವರು ಕಿಟಕಿಯ ಅಂಚಿಗೆ ಮೊಬೈಲ್ ಒರಗಿಸಿ ತೆಗೆದದ್ದರಿಂದ ಚೌಕಟ್ಟು ಅಲುಗಿರಲಿಲ್ಲ, ಅಷ್ಟೇ. ಆ ಮುದುಕರಿಗೆ ನೆರವು ಸಿಗುವುದು ತಡವಾದದ್ದರಲ್ಲಿ ನನ್ನ ಪಾಲೂ ಇದೆ, ಜ್ಯೋತಿಷಿ ಅತ್ತೆಯ ಪಾಲೂ ಇದೆ.

ಉದ್ದೇಶ ಒಳ್ಳೆಯದಿದ್ದರೂ ಇದು ತಪ್ಪುವುದಿಲ್ಲ. 2014ರ ನವೆಂಬರಿನಲ್ಲಿ ಸಿರಿಯಾದ ಯುದ್ಧದ್ದೆನ್ನುವ ವಿಡಿಯೊ ಒಂದು ಲೋಕವೆಲ್ಲ ಸುತ್ತಿತು. ಗುಂಡೇಟುಗಳ ನಡುವೆ ಪುಟ್ಟ ಹುಡುಗನೊಬ್ಬ ಬಾಲಕಿಯನ್ನು ಕಾಪಾಡುವ ದೃಶ್ಯ. ಅದನ್ನು ನಾರ್ವೆಯ ಚಿತ್ರತಂಡವೊಂದು ಮಾಲ್ಟಾದಲ್ಲಿ ನಟರನ್ನಿಟ್ಟುಕೊಂಡು ತೆಗೆದಿತ್ತು. ಯುದ್ಧದಲ್ಲಿ ಸಿಕ್ಕಿಕೊಂಡ ಮಕ್ಕಳ ಬಗ್ಗೆ ಚರ್ಚೆಯಾಗಲಿ ಎಂಬುದು ನಿರ್ದೇಶಕನ ಆಸೆ. ಆದರೆ ಸಿರಿಯಾದೊಳಗಿನಿಂದ ಜೀವ ಒತ್ತೆಯಿಟ್ಟು ಬರುತ್ತಿದ್ದ ನಿಜವಾದ ವಿಡಿಯೊಗಳನ್ನು ಒಂದೊಂದಾಗಿ ತಾಳೆ ನೋಡಿ ಸಾಕ್ಷ್ಯ ಕೂಡಿಸುತ್ತಿದ್ದವರಿಗೆ ಸಿಟ್ಟು ಬಂತು. ಅದು ನ್ಯಾಯವಾಗಿಯೇ ಇತ್ತು. ನಾಳೆ ನಿಜವಾದ ಕೊಲೆಯ ದೃಶ್ಯ ಬಂದಾಗ ಕೊಂದವನೇ ‘ಇದೂ ಮಾಲ್ಟಾದ್ದೇ’ ಎಂದು ಕೈತೊಳೆದುಕೊಳ್ಳಬಹುದಲ್ಲ!

ಅಪನಂಬಿಕೆ ಊರೆಲ್ಲ ಹರಡಿದಾಗ ಅದು ಕೊನೆಗೆ ಎರಗುವುದು ನೊಂದವರ ಮೇಲೆ. 2012ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಮಕ್ಕಳೂ ಆರು ಮಂದಿ ಸಿಬ್ಬಂದಿಯೂ ಗುಂಡಿಗೆ ಬಲಿಯಾದರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರನ್ನು ‘ಬಾಡಿಗೆ ನಟರು’ ಎಂದು ಅಲೆಕ್ಸ್ ಜೋನ್ಸ್ ಎಂಬ ಪ್ರಸಾರಕ ವರ್ಷಗಟ್ಟಲೆ ಹೇಳುತ್ತಾ ಬಂದ. ಅದನ್ನು ನಂಬಿದವರು ಆ ಕುಟುಂಬಗಳನ್ನು ಹುಡುಕಿಕೊಂಡು ಹೋಗಿ ಕಾಡಿದರು. 2022ರ ಅಕ್ಟೋಬರಿನಲ್ಲಿ ಕನೆಕ್ಟಿಕಟ್‌ನ ಜ್ಯೂರಿ ಅವನಿಗೆ ವಿಧಿಸಿದ ಪರಿಹಾರ 96.5 ಕೋಟಿ ಡಾಲರ್. ಆ ಅಪರಾಧ ಜೋನ್ಸ್‌ನದು, ನಿಮ್ಮದಲ್ಲ. ಆದರೆ ಇಂಥ ಮಾತನ್ನು ಜನ ಅಷ್ಟು ಸುಲಭವಾಗಿ ನಂಬುವುದು ಏಕೆ? ಅಳುವವರು ನಟಿಸುತ್ತಿರಬಹುದು ಎಂಬ ಅನುಭವ ಪ್ರತಿಯೊಬ್ಬರಿಗೂ ದಿನಕ್ಕೆ ನಾಲ್ಕು ಬಾರಿ ಮೊಬೈಲಿನಲ್ಲೇ ಆಗುತ್ತಿರುವಾಗ ನಂಬದಿರುವುದೇ ಕಷ್ಟ.

ಬೇರೆಯವರ ವಿಡಿಯೊ ಗುರುತಿಸುವುದು ಹೇಗೆಂದು ಕೇಳಿದ್ದೀರಿ. ಮಾಡುವವರೇ ನೀವಾದ್ದರಿಂದ ನಿಮಗೆ ಅರ್ಧ ಗೊತ್ತಿದೆ. ಘಟನೆಗೆ ಮೊದಲೇ ಕ್ಯಾಮೆರಾ ಓಡುತ್ತಿರುತ್ತದೆ, ಇಬ್ಬರೂ ಚೌಕಟ್ಟಿನಿಂದ ಆಚೆ ಹೋಗುವುದಿಲ್ಲ, ‘ಏಕೆ ಚಿತ್ರೀಕರಿಸುತ್ತಿದ್ದೀರಿ’ ಎಂದು ಯಾರೂ ಕೇಳುವುದಿಲ್ಲ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವುದಿಲ್ಲ. ನಿಜವಾದ ಜಗಳದಲ್ಲಿ ಸರದಿಯಂತೆ ಮಾತಾಡಿದವರನ್ನು ನಾನು ಕಂಡಿಲ್ಲ. ಆದರೆ ಈ ಯಾವ ಲಕ್ಷಣವೂ ಪುರಾವೆಯಲ್ಲ, ಕಿಟಕಿಯಂಚಿನ ಆ ಮೊಬೈಲು ನನಗೆ ಕಲಿಸಿದ್ದು ಇದನ್ನೇ. ಹೆಚ್ಚು ನಂಬಬಹುದಾದ ದಾರಿ, ಆ ಖಾತೆಯ ಹಳೆಯ ವಿಡಿಯೊಗಳನ್ನು ನೋಡುವುದು: ಅವೇ ಮುಖಗಳು ಬೇರೆ ಬೇರೆ ಸಂಬಂಧಗಳಲ್ಲಿ ಕಾಣುತ್ತವೆಯೇ? ವಿಡಿಯೊದ ಒಂದು ಚೌಕಟ್ಟನ್ನು ಚಿತ್ರವಾಗಿ ಹಿಡಿದು, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸಿನಲ್ಲಿ ಹುಡುಕಿದರೆ ಹಳೆಯ ಪ್ರತಿ ಸಿಗುವುದೂ ಉಂಟು. ಏನೂ ತಿಳಿಯದಿದ್ದರೆ ಹಂಚಬೇಡಿ, ಹಾಗೆಯೇ ‘ಇದು ನಾಟಕ’ ಎಂದು ಕೆಳಗೆ ಬರೆಯಲೂ ಬೇಡಿ. ಎರಡನೆಯದನ್ನು ಜನ ಮರೆಯುತ್ತಾರೆ.

ಈಗ ನಿಮ್ಮ ವಿಡಿಯೊಗೆ ಬರೋಣ. ಸದ್ದಿಲ್ಲದೆ ತೆಗೆದುಹಾಕಿದರೆ ಸಾಲದು. ಅಷ್ಟು ಜನ ನೋಡಿದ ವಿಡಿಯೊದ ಪ್ರತಿಗಳು ಬೇರೆ ಖಾತೆಗಳಲ್ಲಿ ಈಗಾಗಲೇ ಇರುತ್ತವೆ. ಮೂಲ ಮಾಯವಾದರೆ ‘ಗಂಡ ಹೆದರಿಸಿ ತೆಗೆಸಿದ’ ಎಂಬ ಹೊಸ ಕಥೆ ಹುಟ್ಟುತ್ತದೆ. ಅದೇ ಖಾತೆಯಲ್ಲಿ, ಇಬ್ಬರೂ ಕಾಣಿಸಿಕೊಂಡು, ಅದು ನಟನೆಯಾಗಿತ್ತು ಎಂದು ಹೇಳುವ ವಿಡಿಯೊ ಹಾಕಿ, ಎಲ್ಲಕ್ಕಿಂತ ಮೇಲೆ ಪಿನ್ ಮಾಡಿ. ಹಿನ್ನೆಲೆ ಸಂಗೀತ ಬೇಡ, ಕಣ್ಣೀರು ಬೇಡ. ಕ್ಷಮಾಪಣೆಯೂ ಒಂದು ಪ್ರದರ್ಶನವಾಗಿ ಮತ್ತಷ್ಟು ನೋಟಗಳನ್ನು ತರುವ ಕಾಲ ಇದು. ಅದು ಹಾಕಿದ ಮೇಲೆ ಮೂಲವನ್ನು ತೆಗೆಯಿರಿ. ಮಗಳ ಮುಖವೂ ದನಿಯೂ ಅದರಲ್ಲಿರುವುದರಿಂದ ‘ನಟನೆ’ ಎಂಬ ಚೀಟಿ ಅಂಟಿಸಿ ಉಳಿಸಿಕೊಳ್ಳುವ ಮಾತೇ ಇಲ್ಲ. ಪ್ರತಿಗಳು ಕಂಡಲ್ಲೆಲ್ಲ ತೆಗೆಸಲು ದೂರು ಕೊಡಿ. ಆ ವಿಡಿಯೊದಿಂದ ಜಾಹೀರಾತಿನ ಹಣ ಬಂದಿದ್ದರೆ ಅದನ್ನು ಇಟ್ಟುಕೊಳ್ಳುವುದು ಹೇಗೆಂದು ನೀವೇ ಯೋಚಿಸಿ. ಸುಳ್ಳು ಸಂಕಟ ತೋರಿಸಿ ದೇಣಿಗೆ ಪಡೆದಿದ್ದರಂತೂ ಅದು ವಂಚನೆಯಾಗುತ್ತಿತ್ತು. ಹಣ ನಿರಾಕರಿಸಿದಾಗ ನಿಮ್ಮೊಳಗೆ ಯಾರೋ ಎಚ್ಚರವಾಗಿದ್ದರು.

ಮುಂದೆ ನಟಿಸಬೇಡಿ ಎಂದು ನಾನು ಹೇಳುವುದಿಲ್ಲ. ಮನೆಯ ಹಿಂಸೆಯ ಬಗ್ಗೆಯೇ ಕಿರುನಾಟಕ ಮಾಡಿ, ಬೇಡವೆಂದವರಾರು? ‘ಇದು ಅಭಿನಯ’ ಎಂಬ ಸಾಲು ದೃಶ್ಯದ ಮೇಲೆಯೇ, ಮೊದಲಿನಿಂದ ಕೊನೆಯವರೆಗೆ ಇರಲಿ. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿದರೆ ಅಲ್ಲಿಯವರೆಗೆ ನೋಡುವವರು ಕಡಿಮೆ. ಕೆಳಗಿನ ವಿವರಣೆಯಲ್ಲಿ ಬರೆದರೆ ಯಾರೋ ವಿಡಿಯೊ ಮಾತ್ರ ಇಳಿಸಿಕೊಂಡು ಬೇರೆಡೆ ಹಾಕಿದಾಗ ಬರಹ ಉದುರಿಹೋಗುತ್ತದೆ. ಕೃತಕ ಬುದ್ಧಿಮತ್ತೆಯಿಂದ ಮಾಡಿದ ನೈಜವೆನಿಸುವ ದೃಶ್ಯಗಳಿಗೆ ಗುರುತು ಹಾಕಬೇಕೆಂದು ಯೂಟ್ಯೂಬ್ 2024ರಿಂದ ಕೇಳುತ್ತಿದೆ. ಕೈಕಾಲಿರುವ ಮನುಷ್ಯರು ಆಡಿದ ಸುಳ್ಳು ಜಗಳ ಆ ನಿಯಮಕ್ಕೆ ಸಿಕ್ಕುವುದಿಲ್ಲ, ಆ ಗುರುತನ್ನು ನೀವೇ ಹಾಕಿಕೊಳ್ಳಬೇಕು.

ಹೇಳಿಬಿಟ್ಟರೆ ಯಾರೂ ನೋಡುವುದಿಲ್ಲ ಎಂದು ನಿಮ್ಮ ಪತಿ ಹೇಳಬಹುದು. ಮೊದಲಿನಷ್ಟು ನೋಡದಿರಬಹುದು, ನಿಜ. ಆದರೆ 2006ರಲ್ಲಿ ‘ಲೋನ್ಲಿಗರ್ಲ್15’ ಎಂಬ ಹೆಸರಿನಲ್ಲಿ ಹದಿನಾರರ ಹುಡುಗಿಯೊಬ್ಬಳು ತನ್ನ ಕೋಣೆಯಲ್ಲಿ ಕುಳಿತು ಮನಸ್ಸು ಬಿಚ್ಚಿ ಮಾತಾಡುವ ವಿಡಿಯೊಗಳು ಯೂಟ್ಯೂಬಿನಲ್ಲಿ ಬಂದವು. ಅವಳು ನಟಿ, ಹಿಂದೆ ಬರಹಗಾರರ ತಂಡವಿದೆ ಎಂಬುದು ಸೆಪ್ಟೆಂಬರಿನಲ್ಲಿ ಬಯಲಾಯಿತು. ಹಲವರು ಸಿಟ್ಟಾದರು. ಸರಣಿ ಮಾತ್ರ ಕಥೆಯಾಗಿಯೇ 2008ರವರೆಗೆ ನಡೆಯಿತು. ಕಥೆ ಗಟ್ಟಿಯಿದ್ದರೆ ಕಥೆ ಎಂದು ಗೊತ್ತಿದ್ದೂ ಜನ ಕುಳಿತುಕೊಳ್ಳುತ್ತಾರೆ.

ತಾಯಿಗೆ ಫೋನ್ ಮಾಡುವ ಯೋಜನೆ ಬೇಡ. ‘ಆಮೇಲೆ ಹೇಳುತ್ತೇವೆ, ಅವರೂ ನಗುತ್ತಾರೆ’ ಎನ್ನುವುದು ಒಪ್ಪಿಗೆಯಲ್ಲ. ಮಗ ಬದುಕಿದ್ದಾನೆ ಎಂದು ತಿಳಿದಾಗ ಯಾವ ತಾಯಿಯಾದರೂ ನಗುತ್ತಾಳೆ, ಆ ಸಮಾಧಾನವನ್ನು ಸಮ್ಮತಿಯ ಸಹಿ ಎಂದು ಓದಬಾರದು. ವಯಸ್ಸಾದವರಿಗೆ ಹಠಾತ್ ಆಘಾತ ಹೃದಯಕ್ಕೇ ಕುತ್ತಾಗಬಹುದು, ಅದು ಅತಿಶಯೋಕ್ತಿಯಲ್ಲ. ಇನ್ನೊಂದು ದಿನ ನಿಜವಾಗಿಯೇ ಫೋನ್ ಬಂದಾಗ ಅವರು ‘ಕ್ಯಾಮೆರಾ ಎಲ್ಲಿದೆ’ ಎಂದು ಕೇಳುವಂತಾಗುವುದು ಬೇರೆ.

ಮಗಳೊಡನೆ ಕುಳಿತು ಮಾತಾಡಿ. ‘ಅದು ಆಟವಾಗಿತ್ತು’ ಎಂದಷ್ಟೇ ಹೇಳಬೇಡಿ, ಹಾಗೆಂದರೆ ಅವಳು ಅತ್ತದ್ದೇ ತಪ್ಪು ಎಂಬಂತಾಗುತ್ತದೆ. ‘ನಿನಗೆ ಹೇಳದೆ ಮಾಡಿದ್ದು ನಮ್ಮ ತಪ್ಪು, ನೀನು ಹೆದರಿದ್ದು ಸರಿಯಾಗಿಯೇ ಇತ್ತು’ ಎಂದು ಅಪ್ಪನ ಬಾಯಿಂದ ಬರಲಿ. ಯಾರಿಗೂ ಹೇಳಬೇಡ ಎಂದಿದ್ದರೆ ಆ ಮಾತನ್ನು ಹಿಂತೆಗೆದುಕೊಳ್ಳಿ. ನಿದ್ದೆಯಲ್ಲಿ ಬೆಚ್ಚುವುದು, ನಿಮ್ಮನ್ನು ಬಿಟ್ಟಿರದಿರುವುದು ಇತ್ಯಾದಿ ಕೆಲವು ವಾರಗಳಾದರೂ ನಿಲ್ಲದಿದ್ದರೆ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಿ.

ಕೊನೆಗೆ ಬರೆಯುತ್ತಿದ್ದರೂ ಮೊದಲು ಮಾಡಬೇಕಾದದ್ದು ಆ ಮಹಿಳೆಗೆ ಉತ್ತರ. ಅವರು ನಿಮ್ಮನ್ನು ನೋಡಿ ಮನೆ ಬಿಡಲು ಹೊರಟಿದ್ದಾರೆ. ಹಿಂಸೆಯ ಸಂಬಂಧದಿಂದ ಹೊರಡುವ ಹೊತ್ತು ಮತ್ತು ಹೊರಟ ಮೊದಲ ದಿನಗಳು ಎಲ್ಲಕ್ಕಿಂತ ಅಪಾಯದ ಕಾಲ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲರಿಗೂ ಗೊತ್ತು. ಎಲ್ಲಿಗೆ ಹೋಗುವುದು, ಕಾಗದಪತ್ರಗಳು ಎಲ್ಲಿವೆ, ಕೈಯಲ್ಲಿ ಹಣವಿದೆಯೇ, ಯಾರಿಗೆ ತಿಳಿಸಿರುವುದು ಎಂಬುದನ್ನೆಲ್ಲ ಸದ್ದಿಲ್ಲದೆ ಹೊಂದಿಸಿಕೊಂಡು ಹೊರಡಬೇಕು. ನೀವು ಹೇಗೆ ಹೊರಬಂದಿರಿ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿಲ್ಲ, ಏಕೆಂದರೆ ನೀವು ಎಲ್ಲಿಂದಲೂ ಹೊರಬಂದಿಲ್ಲ. ಅದನ್ನು ಅವರಿಗೆ ಹೇಳಲೇಬೇಕು.

ಆದರೆ ಜಾಗ್ರತೆ. ಅವರ ಮೊಬೈಲನ್ನು ಗಂಡ ನೋಡುತ್ತಿರಬಹುದು. ಮೊದಲ ಸಂದೇಶದಲ್ಲಿ ಹಿಂಸೆ, ಮನೆ ಬಿಡುವುದು ಇವಾವುದರ ಸುಳಿವೂ ಬೇಡ. ‘ನಿಮ್ಮ ಸಂದೇಶ ನೋಡಿದೆ, ಈಗ ಮಾತಾಡಬಹುದೇ, ಯಾವ ಹೊತ್ತು ಅನುಕೂಲ’ ಎಂದಷ್ಟು ಕೇಳಿ. ಅವರು ಒಪ್ಪಿದ ಮೇಲೆ, ಸಾಧ್ಯವಾದರೆ ದನಿಯಲ್ಲಿ, ನಿಮ್ಮದು ನಟನೆಯಾಗಿತ್ತೆಂದು ನೇರವಾಗಿ ತಿಳಿಸಿ, ಕ್ಷಮೆ ಕೇಳಿ. ಅವರು ಬೈದರೆ ಕೇಳಿಸಿಕೊಳ್ಳಿ, ನಿಮ್ಮ ಪತಿಯ ಸಿನಿಮಾ ವಾದವನ್ನು ಅಲ್ಲಿ ಹೇಳಲು ಹೋಗಬೇಡಿ. ಸಲಹೆ ಕೊಡುವ ಕೆಲಸವನ್ನು ನೀವೇ ವಹಿಸಿಕೊಳ್ಳದೆ, ಅವರಿರುವ ಜಾಗದ ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನು ಮೊದಲೇ ಹುಡುಕಿಟ್ಟುಕೊಂಡು ಕೊಡಿ. ಇದೆಲ್ಲ ಮುಗಿಯುವ ಮೊದಲು ನಿಮ್ಮ ತಪ್ಪೊಪ್ಪಿಗೆಯ ವಿಡಿಯೊವನ್ನು ಹಾಕಬೇಡಿ. ಅವರಿಗೆ ಈ ಸುದ್ದಿ ಪರದೆಯಿಂದ ತಿಳಿಯುವುದು ಬೇಡ. ಹನ್ನೊಂದು ದಿನಗಳಾಗಿವೆ, ಇವತ್ತೇ ಬರೆಯಿರಿ.